ಖಾಲಮ್ಮನ ದುಂಡುಮಲ್ಲಿಗೆ

ಅವರ ಬೆರಳ ತುದಿಗಳು ಯಾವಾಗಲೂ ಆಗ ತಾನೇ ನೀರಿನಿಂದ ತೆಗೆದ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಪ್ರಾಯದಲ್ಲಿ ವರ್ಷಗಟ್ಟಲೆ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ರೇಷ್ಮೆ ನೂಲು ತೆಗೆದವರು. ಕೆಲಸ ಬಿಟ್ಟ ಮೇಲೂ ಆ ಬೆರಳುಗಳು ಮೊದಲಿನಂತಾಗಲಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆ ಅವರದು. ನೆಂಟರೆಲ್ಲ ಉರ್ದುವಿನಲ್ಲಿ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಮ್ಮ ಬೀದಿಗೆ ಅವರು ಖಾಲಮ್ಮ. ಎರಡು ಮನೆಗಳ ಹಿತ್ತಿಲ ನಡುವೆ ಸೊಂಟದೆತ್ತರದ ಗೋಡೆಯಿತ್ತು.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಮಗುವನ್ನು ಕಳೆದುಕೊಂಡ ವರ್ಷದ ಮಾತು ಇದು. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಖಾಲಮ್ಮ ಮಾತ್ರ ಚಳಿಗಾಲದ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದರು: "ಒಳಗೇ ಕೂತ್ಕೊಂಡು ಏನ್ ಮಾಡ್ತೀಯಮ್ಮ? ಈ ಕಡೆ ಬಾ, ಕೊಂಬೆ ಹಿಡ್ಕೋ."

ಅವರು ದುಂಡುಮಲ್ಲಿಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿದ್ದರು. ಆಮೇಲೆ ಕೆಲವು ದಿನ ನೀರನ್ನೂ ನಿಲ್ಲಿಸಿದರು. ಬುಡಕ್ಕೆ ಹಾಕಲು ದಿಬ್ಬೂರಹಳ್ಳಿಯಿಂದ ರೇಷ್ಮೆಹುಳುವಿನ ಹಿಕ್ಕೆಯ ಗೊಬ್ಬರ ತರಿಸಿದರು. ಅವರ ಸೊಸೆಗೆ ಆಗ ನಾಲ್ಕನೇ ತಿಂಗಳು. ಏಳನೇ ತಿಂಗಳಿನ ಶಾಸ್ತ್ರಕ್ಕೆ ಹಿತ್ತಿಲಿನ ಹೂವನ್ನೇ ಮುಡಿಸಬೇಕೆಂದು ಅವರ ಆಸೆ.

ಹಾಗೆ ಶುರುವಾಯಿತು ನಮ್ಮ ಕಾಯುವಿಕೆ. ಅಷ್ಟು ವಯಸ್ಸಾಗಿದ್ದರೂ ಅವರಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. ಬೆಳಿಗ್ಗೆ ಎದ್ದವರೇ ಕನ್ನಡಕ ಏರಿಸಿ ಗಿಡದ ಮುಂದೆ ಕೂರುತ್ತಿದ್ದರು. "ಇನ್ನೂ ನಿದ್ದೆನಾ ನಿಂಗೆ?" ಎಂದು ಅದನ್ನೇ ವಿಚಾರಿಸುತ್ತಿದ್ದರು. ಚಿಗುರು ತಡವಾದರೆ ಮಗನ ಬೈಕಿನ ಹೊಗೆಯನ್ನು ಬೈಯುತ್ತಿದ್ದರು. ನಾನು ದಿನವೂ ಗೋಡೆಯ ಬಳಿ ಬಂದು ನಿಲ್ಲತೊಡಗಿದೆ. ಒಂದು ದಿನ ಅವರು ಗಿಡಕ್ಕೆ ಬೈಯುವುದನ್ನು ಕೇಳಿ ನಕ್ಕುಬಿಟ್ಟೆ. ಅವರು ತಿರುಗಿಯೂ ನೋಡದೆ, "ಹಾಂ, ಹಂಗೆ" ಎಂದರು. ಗಿಡಕ್ಕೆ ಹೇಳಿದರೋ ನನಗೋ ತಿಳಿಯಲಿಲ್ಲ.

ಬೀದಿಯ ಹೊಂಗೆ ಚಿಗುರಿತು, ಬೇವು ಹೂಬಿಟ್ಟಿತು, ಯುಗಾದಿಯೂ ಕಳೆಯಿತು. ಮಲ್ಲಿಗೆಯಲ್ಲಿ ಬರೀ ಎಲೆ. "ಮಾರ್ಕೆಟ್ಟಿಂದ ತಂದುಬಿಡ್ಲಾ?" ಎಂದು ಮಗ ಕೇಳಿದ. ಖಾಲಮ್ಮ ಕನ್ನಡಕ ಏರಿಸಿ ಮತ್ತೆ ಗಿಡದ ಮುಂದೆ ಕೂತರು. ಶಾಸ್ತ್ರಕ್ಕೆ ಒಂದು ವಾರವಿರುವಾಗ ಎಲೆಗಳ ಸಂದಿಯಲ್ಲಿ ಜೋಳದ ಕಾಳಿನಷ್ಟು ಮೊಗ್ಗುಗಳು ಕಂಡವು. ಅವರು ನನ್ನ ಕೈಯನ್ನು ಎಳೆದು ಒಂದನ್ನು ಮುಟ್ಟಿಸಿದರು.

ಶಾಸ್ತ್ರದ ದಿನ ಹೂವು ಬಿಡಿಸಿ ದಂಡೆ ಕಟ್ಟಿದ್ದು ನಾನೇ. ಬಾಗಿಲಲ್ಲಿ ಕೊಟ್ಟು ವಾಪಸ್ಸು ಬರೋಣ ಎಂದುಕೊಂಡಿದ್ದೆ. ಅಂಥ ಶಾಸ್ತ್ರಗಳಿಗೆ ಆಗ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯದಿರುವುದೇ ಸರಿ ಎಂದು ನನಗೂ ಅನಿಸಿಬಿಟ್ಟಿತ್ತು. ಖಾಲಮ್ಮ ಬಾಗಿಲಿಗೆ ಬಂದರು, ದಂಡೆ ತೆಗೆದುಕೊಳ್ಳಲಿಲ್ಲ.

"ನಂಗ್ಯಾಕೆ ಕೊಡ್ತೀಯ? ಒಳಗೆ ಬಾ, ಅವಳಿಗೆ ನೀನೇ ಮುಡಿಸು."

ಅವರ ಹಿಂದಿದ್ದ ಹಿರಿಯ ನೆಂಟರೊಬ್ಬರು ತಗ್ಗಿದ ದನಿಯಲ್ಲಿ ಉರ್ದುವಿನಲ್ಲಿ ಏನೋ ಅಂದರು. ನನ್ನ ಮಗುವಿನ ಮಾತು ಎಂದು ಅರ್ಥವಾಗುವಷ್ಟು ಉರ್ದು ನನಗೆ ಬರುತ್ತಿತ್ತು. ಖಾಲಮ್ಮ ನನಗೂ ತಿಳಿಯಲೆಂದೇ ಕನ್ನಡದಲ್ಲಿ ಉತ್ತರಿಸಿದರು:

"ಮಗು ಹೋಯ್ತು ಅಂದ್ರೆ ಇವಳು ತಾಯಿ ಅಲ್ವಾ? ನನ್ನ ಸೊಸೆಗೆ ತಾಯಿ ಕೈಯಿಂದಾನೇ ಹೂವು ಮುಡಿಸ್ತೀನಿ."

ಆ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಒಳಗೆ ಹೋಗಿ ಹೂವು ಮುಡಿಸಿದೆ. ಸೊಸೆ ತಲೆ ಬಗ್ಗಿಸಿ ಅಲುಗಾಡದೆ ಕೂತಿದ್ದಳು. ಮುಂಗಾರು ಶುರುವಾದ ಮೇಲೆ ಅವಳಿಗೆ ಹೆಣ್ಣು ಮಗುವಾಯಿತು.

ಖಾಲಮ್ಮ ತೀರಿಕೊಂಡು ಎರಡು ವರ್ಷವಾಯಿತು. ನನಗೆ ಮತ್ತೆ ಮಕ್ಕಳಾಗಲಿಲ್ಲ. ಆದರೆ ಈಗ ಯಾರ ಮನೆಯ ಸೀಮಂತಕ್ಕೆ ಕರೆದರೂ ಹೊಸಿಲ ಬಳಿ ನಿಲ್ಲುವುದಿಲ್ಲ. ಒಳಗೆ ಹೋಗಿ, ಬಸುರಿಯ ಪಕ್ಕದಲ್ಲೇ ಕೂರುತ್ತೇನೆ.