ಹಾಲುತುಪ್ಪಕ್ಕೆ ಒಂಬತ್ತು

ಗೆಳೆಯರೇ, ಇವತ್ತು ಕಳಲೆಯಲ್ಲಿ ಜನರ ಸುಖದುಃಖ ಅಳೆಯುವ ಸರ್ಕಾರಿ ಸರ್ವೆಗೆ ಹೋಗಿ ಮಾನ ಕಳೆದುಕೊಂಡು ಬಂದೆ. ಜಗಲಿಯಲ್ಲಿ ಕೂತಿದ್ದ ಹೆಂಗಸನ್ನು ಕೇಳಿದೆ: "ನಿನ್ನೆ ದಿನ ಹೇಗಿತ್ತಮ್ಮ? ಹತ್ತಕ್ಕೆ ಎಷ್ಟು ಖುಷಿ?"

"ನೆನ್ನೆ ಆಲುತುಪ್ಪ ಇತ್ತು ಸಾ."

"ಓಹೋ, ಹಾಲು ತುಪ್ಪ! ಹಾಗಾದ್ರೆ ಒಂಬತ್ತು ಹಾಕಲಾ?"

ಆಕೆ ನನ್ನ ಮುಖವನ್ನೇ ನೋಡಿದರು. "ನಿಮ್ಗೆ ಎಂಗ್ ತೋಚ್ತದೋ ಅಂಗ್ ಆಕ್ಕಳಿ ಸಾ."

ಮೊಬೈಲಿನಲ್ಲಿ ಒಂಬತ್ತು ಒತ್ತಿ ಕಳಿಸಿಬಿಟ್ಟೆ.

ಪಕ್ಕದ ಮನೆಯವನು ನನ್ನನ್ನು ಬೀದಿಗೆ ಕರೆದು ಗದರಿದ: "ಏನ್ ಸಾ ನೀವು? ಆವಮ್ಮನ ಗಂಡ ಓಗಿ ಇನ್ನೂ ವಾರ ಆಗಿಲ್ಲ. ಸಮಾಧಿಗೆ ಬುಡೋ ಆಲುತುಪ್ಪ ಕಣ್ ಸಾ ಅದು!"

ಮೈಸೂರು ಪೇಟೆಯಲ್ಲಿ ಬೆಳೆದ ನನಗೆ ಹಾಲುತುಪ್ಪ ಎಂದರೆ ಊಟ ಮಾತ್ರ. ವಾಪಸ್ ಹೋಗಿ ಆಕೆಗೆ ಮುಖ ತೋರಿಸಲು ಧೈರ್ಯ ಬರಲಿಲ್ಲ. ತಿದ್ದೋಣವೆಂದರೆ, ಒಮ್ಮೆ ಕಳಿಸಿದ ಉತ್ತರವನ್ನು ಮತ್ತೆ ತೆರೆಯುವಂತಿಲ್ಲ.

ಸರ್ಕಾರದ ಲೆಕ್ಕದಲ್ಲಿ ಈಗ ಆ ಬೀದಿಗೆಲ್ಲ ಅತಿ ಸುಖದ ಮನೆ ಅದೇ.