ಟೆಂಟಿನಲ್ಲಿ ಕಥೆ ಹೇಳುತ್ತಿದ್ದ ದೊಡ್ಡಯ್ಯ

ಮೊನ್ನೆ ಪಕ್ಕದ ಮನೆಯ ಮದುವೆ ಚಪ್ಪರಕ್ಕೆ ಹೊದಿಸಲೆಂದು ಹಳೆಯ ಕ್ಯಾನ್ವಾಸ್ ಬಟ್ಟೆ ತಂದು ನಮ್ಮ ಜಗಲಿಯ ಮೇಲೆ ಹಾಕಿದ್ದರು. ಮಳೆ ಬಂದು ಅದು ನೆನೆದುಹೋಗಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಆ ವಾಸನೆ... ಒದ್ದೆ ಬಟ್ಟೆ, ಸೀಮೆಎಣ್ಣೆ, ತುಳಿದ ಮಣ್ಣು ಎಲ್ಲ ಸೇರಿದ್ದು. ಮಹಾರಾಜರ ಕಾಲದಲ್ಲಿ ಹುಣಸೂರಿನ ಬಯಲಿನಲ್ಲಿ ಹಾಕುತ್ತಿದ್ದ ಬಯಸ್ಕೋಪ್ ಟೆಂಟಿನ ವಾಸನೆಯೂ ಇದೇ. ಪೊರಕೆ ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟೆ. ಎದುರುಮನೆ ದೊಡ್ಡಯ್ಯ ನೆನಪಾದರು.

ದೊಡ್ಡಯ್ಯ ಎಂದರೆ ಸ್ವಂತ ದೊಡ್ಡಯ್ಯನಲ್ಲ. ಗಾವಡಗೆರೆಯಲ್ಲಿ ನಮ್ಮ ಮನೆಗೆ ಎದುರಾಗಿದ್ದವರು, ಆದ್ದರಿಂದ ದೊಡ್ಡಯ್ಯ. ರಾಗಿ ಹೊಲ, ಒಂದು ಜೋಡಿ ಎತ್ತು, ತಾಯಿಯಿಲ್ಲದ ಒಬ್ಬಳೇ ಮಗಳು. ಆ ಮಗಳು ನನ್ನ ಪ್ರಾಣದ ಗೆಳತಿ. ಬೇಸಾಯ ಮಾಡುವವರ ಪೈಕಿ ಪುಸ್ತಕ ಹಿಡಿಯುತ್ತಿದ್ದವರು ಅವರೊಬ್ಬರೇ. "ಉಳೋದ್ ಬುಟ್ಟು ಓದ್ಕಂಡ್ ಕುಂತವ್ನೆ" ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಸಂಜೆ ಬಂದು ಕಥೆ ಕೇಳುತ್ತಿದ್ದರು, ಅದು ಬೇರೆ ಮಾತು. ನನಗೂ ಅವಳಿಗೂ ಮರಳಿನ ಮೇಲೆ ಅಕ್ಷರ ತಿದ್ದಿಸಿದವರೂ ಅವರೇ.

ಅವರ ಬಳಿ ರಟ್ಟು ಕಳಚಿದ ಒಂದು ಹಳೆಯ ಕಾದಂಬರಿ ಇತ್ತು. ಅತ್ತೆಮನೆಯ ಕಾಟ ತಾಳಲಾರದೆ ಒಬ್ಬ ಸೊಸೆ ತುಂಬಿದ ಹೊಳೆ ದಾಟಿ ತವರಿಗೆ ಬರುತ್ತಾಳೆ. ಜನ ಏನೆಂದುಕೊಂಡರೂ ಸರಿಯೆಂದು ಅಪ್ಪ ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುತ್ತಾನೆ. ಕಥೆ ಇಷ್ಟೇ. ದೊಡ್ಡಯ್ಯ ಅದನ್ನು ಓದುವಾಗ ಹೊಳೆ ಬಂದ ಕೂಡಲೇ ನಾವಿಬ್ಬರೂ ಕೈ ಕೈ ಹಿಡಿದುಕೊಳ್ಳುತ್ತಿದ್ದೆವು. ಬಾಗಿಲು ತೆಗೆದಾಗ ಜೋರಾಗಿ ಅಳುತ್ತಿದ್ದೆವು. ಎಷ್ಟು ಸಲ ಕೇಳಿದರೂ ಅಷ್ಟೇ.

ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ನಾನು ಊರಲ್ಲೇ ಉಳಿದೆ. ಅವಳಿಗೆ ಕಾವೇರಿಯ ಆಚೆ ದಡದಿಂದ ಸಂಬಂಧ ಬಂತು. ಚುಂಚನಕಟ್ಟೆ ಕಡೆಯ ಗದ್ದೆಯ ಮನೆತನ, ದಿನವೂ ಅನ್ನ ಉಣ್ಣುವವರು. ರಾಗಿ ತಿನ್ನುವ ನಮ್ಮ ಕಡೆಯವರಿಗೆ ಅದಕ್ಕಿಂತ ಇನ್ನೇನು ಬೇಕಿತ್ತು? ದೊಡ್ಡಯ್ಯ ಹಿಗ್ಗಿ ಹೀರೆಕಾಯಾದರು. ಅನ್ನದ ಮನೆಯಲ್ಲಿ ಅವಳಿಗೆ ಏನು ಕಾದಿತ್ತೋ ಯಾರಿಗೆ ಗೊತ್ತಿತ್ತು... ಹೊಳೆ ಇಳಿದಿದ್ದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಬ್ಬಳೇ ನಡೆದು ಬಂದಳು. ಬೆನ್ನಿನ ಮೇಲಿನ ಬರೆಯನ್ನು ನನಗೆ ತೋರಿಸಿದಳು.

ಆಗ ನಮ್ಮಲ್ಲೊಂದು ಕಟ್ಟು ಇತ್ತು. ಹೆಣ್ಣುಮಗಳನ್ನು ತವರಿನವರು ಹೋಗಿ ಕರೆತರಬೇಕು. ಕರೆಯದೆ ತಾನಾಗಿ ಬಂದವಳನ್ನು ದೀಪ ಹಚ್ಚುವ ಮೊದಲೇ ವಾಪಸು ಹೊರಡಿಸಬೇಕು. ಒಂದು ರಾತ್ರಿ ಉಳಿದರೂ ಗಂಡ ಬಿಟ್ಟವಳೆಂದು ಹೆಸರು ಬೀಳುತ್ತಿತ್ತು. ದೊಡ್ಡಯ್ಯ ಅವಳಿಗೆ ಉಣ್ಣಲು ಇಟ್ಟು ಗಾಡಿ ಕಟ್ಟಿದರು. "ಅವ್ರ್ ಜೊತೇಲಿ ಒಂದ್ಕಂಡ್ ಓಗವ್ವ, ಎಲ್ಲಾ ಸರಿಯಾಯ್ತದೆ" ಅಂದರು. ಅವಳು ಅಳಲಿಲ್ಲ. ಗಾಡಿಯ ಹಿಂದೆ ಕೂತು ನನ್ನ ಕಡೆ ನೋಡಿ, "ಪುಸ್ತ್ಕದಲ್ಲಿ ಅಪ್ಪ ಬಾಗ್ಲು ತಗೀತಾನೆ ಅಲ್ವೇನೇ?" ಅಂದಳು. ದೊಡ್ಡಯ್ಯನಿಗೆ ಅದು ಕೇಳಿಸಿತು. ಅವರು ತಿರುಗಿ ನೋಡದೆ ಎತ್ತುಗಳನ್ನು ಹೊಡೆದರು.

ಶ್ರಾವಣದಲ್ಲಿ ಹೊಳೆ ತುಂಬಿದಾಗ ಅವಳು ಮತ್ತೆ ತವರಿಗೆ ಹೊರಟಳಂತೆ. ದಾಟಿಸು ಎಂದು ಹರಿಗೋಲಿನವನನ್ನು ಬೇಡಿಕೊಂಡಳಂತೆ. ನೀರು ಜಾಸ್ತಿ ಇದೆ, ಆಗುವುದಿಲ್ಲ ಎಂದನಂತೆ ಅವನು. ಕಾಲು ಜಾರಿತು ಎಂದರು ಕೆಲವರು, ಹಾರಿಕೊಂಡಳು ಎಂದರು ಕೆಲವರು. ಹೆಣ ಕೆಳಗಡೆ ಸಿಕ್ಕಿತು. ದೊಡ್ಡಯ್ಯ ಅಳುವುದನ್ನು ನಾನು ನೋಡಲಿಲ್ಲ. ಊಟ, ಹೊಲ, ಪುಸ್ತಕ ಎಲ್ಲ ಬಿಟ್ಟರು.

ಅದಾದ ಮೇಲೆ ಯಾವುದೋ ವರ್ಷ ಹುಣಸೂರಿಗೆ ಟೆಂಟು ಬಂತು. ಆ ಕಾಲದ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಪಕ್ಕ ಒಬ್ಬರು ಕೋಲು ಹಿಡಿದು ನಿಂತು ಇವಳು ಸೊಸೆ, ಇವಳು ಅತ್ತೆ ಎಂದು ಕೂಗಿ ಕಥೆ ಹೇಳಬೇಕಿತ್ತು. ಬಂದಿದ್ದ ಚಿತ್ರ ಅದೇ ಹಳೆಯ ಕಾದಂಬರಿಯಿಂದ ತೆಗೆದದ್ದು. ಆ ಪುಸ್ತಕ ಬಲ್ಲವರು ಯಾರೆಂದು ವಿಚಾರಿಸಿಕೊಂಡು ಟೆಂಟಿನವನು ದೊಡ್ಡಯ್ಯನನ್ನು ಹುಡುಕಿ ಬಂದ. ಒಪ್ಪಲಾರರು ಎಂದುಕೊಂಡಿದ್ದೆ. ಅಂಗಿ ಹಾಕಿಕೊಂಡು ಹೊರಟೇಬಿಟ್ಟರು.

ಚಿತ್ರ ತೆಗೆದವರು ಕೊನೆಯನ್ನು ತಿರುಗಿಸಿಬಿಟ್ಟಿದ್ದರು. ಸೊಸೆ ನೀರಿಗಿಳಿಯುತ್ತಾಳೆ, ಮುಳುಗುತ್ತಾಳೆ, ಅಪ್ಪ ಹೆಣದ ಮುಂದೆ ಎದೆ ಬಡಿದುಕೊಳ್ಳುತ್ತಾನೆ. ಜನಕ್ಕೆ ಅಳು ಬೇಕಲ್ಲ, ಅದಕ್ಕೇ ಇರಬೇಕು. ಹೆಂಗಸರ ಕಡೆ ಕೂತಿದ್ದ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ದೊಡ್ಡಯ್ಯ ಮಾತ್ರ ಕೋಲೆತ್ತಿ ಗಟ್ಟಿಯಾಗಿ ಕೂಗಿದರು. "ಇದು ಅಪ್ಪ ಕಂಡ ಕೆಟ್ಟ ಕನ್ಸು ಕಣ್ರವ್ವಾ, ಎದರ್ಕಬ್ಯಾಡಿ! ಮಗ್ಳು ದಾಟವ್ಳೆ. ಬಾಗ್ಲತ್ರ ಬಂದವ್ಳೆ. ಬಾರವ್ವ ಒಳೀಕೆ ಅಂತ ಅಪ್ಪ ಕರೀತಾವ್ನೆ!" ಪರದೆಯ ಮೇಲೆ ಹೆಣ, ಇವರ ಬಾಯಲ್ಲಿ ಬದುಕಿದ ಮಗಳು. ಟೆಂಟಿನ ತುಂಬ ಹೆಂಗಸರು ಅವರ ಮಾತನ್ನೇ ನಂಬಿದರು. ಉಸ್ಸಪ್ಪಾ ಎಂದು ಕಣ್ಣೊರೆಸಿಕೊಂಡು ಮನೆಗೆ ಹೋದರು.

ಟೆಂಟು ಇದ್ದಷ್ಟು ದಿನವೂ ಅವರು ಹಾಗೇ ಹೇಳಿದರು. ಪಿರಿಯಾಪಟ್ಟಣಕ್ಕೆ ಹೋದರೆ ಅಲ್ಲಿಗೂ ಹೋದರು. ಬೆಟ್ಟದಪುರದಲ್ಲೂ ಹೇಳಿದರಂತೆ. ಮೈಮೇಲೆ ಸ್ವಲ್ಪ ಮಾಂಸ ಬಂತು, ಹೊಲದ ಕಡೆ ಹೋಗತೊಡಗಿದರು. ಹುಚ್ಚು ಹಿಡಿದಿದೆ ಎಂದು ನನ್ನ ಗಂಡ ನಕ್ಕಾಗ ನಾನು ಅವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಆಮೇಲೆ ಮಾತಾಡುವ ಚಿತ್ರಗಳು ಬಂದವು. ಟೆಂಟಿಗೆ ಕಥೆ ಹೇಳುವವರು ಬೇಕಿರಲಿಲ್ಲ. ಅದೇ ಕಥೆಯನ್ನು ಮಾತು, ಹಾಡು ಎಲ್ಲ ಹಾಕಿ ಹೊಸದಾಗಿ ತೆಗೆದಿದ್ದರು. ಕೊನೆ ಮಾತ್ರ ಹಿಂದಿನ ಚಿತ್ರದ್ದೇ. ನಾನೂ ದೊಡ್ಡಯ್ಯನೂ ಒಂದೇ ಗಾಡಿಯಲ್ಲಿ ಹೋದೆವು. ಅವರು ತೀರ ಮುಂದೆ, ಪರದೆಯ ಬುಡದಲ್ಲಿ ಕೂತರು.

ಸೊಸೆ ನೀರಿಗಿಳಿದಾಗ ಎದ್ದು ನಿಂತರು. "ಕನ್ಸು ಕಣ್ರವ್ವಾ..." ಎಂದು ಶುರು ಮಾಡಿದರು. ಪರದೆಯ ಮೇಲಿನ ಹುಡುಗಿ "ಅಪ್ಪಾ" ಎಂದು ಕಿರುಚಿದಳು. ಆ ಕೂಗಿನ ಮುಂದೆ ಇವರ ದನಿ ಯಾರಿಗೆ ಕೇಳಬೇಕು? "ಕೂತ್ಕಳಾ ಮುದ್ಕಾ, ನೋಡಕ್ ಬುಡು!" ಎಂದು ಗಂಡಸರು ರೇಗಿದರು. ಯಾರೋ ಮಣ್ಣುಹೆಂಟೆ ಎಸೆದರು. ಅವರು ಕೂರಲಿಲ್ಲ. ಪರದೆಯ ಮೇಲಿನ ಅಪ್ಪ ಹೆಣ ತಬ್ಬಿಕೊಂಡು ಹಾಡಲು ಶುರು ಮಾಡಿದ. ದೊಡ್ಡಯ್ಯ ಅವನನ್ನೇ ನೋಡುತ್ತ ನಿಂತಿದ್ದವರು ಕೋಲಿಲ್ಲದ ಕೈಯೆತ್ತಿ ಕೂಗಿದರು. "ಈಗ್ಯಾಕ್ಲಾ ಅಳ್ತೀಯ? ಬಂದಿದ್ಲಲ್ಲಾ ನಿನ್ ಮನೇಗೆ! ಗಾಡಿ ಕಟ್ಟಿ ಕಳ್ಸಿದೋನು ನೀನೇಯಾ!"

ಆ ಚಿತ್ರದಲ್ಲಿ ಗಾಡಿ ಇರಲಿಲ್ಲ. ಜನ ನಕ್ಕರು. ನಾನು ಹೆಂಗಸರ ನಡುವಿನಿಂದ ಎದ್ದು ಗಂಡಸರ ಕಡೆ ನುಗ್ಗಿ ಅವರ ಕೈ ಹಿಡಿದು ಹೊರಗೆ ಕರೆತಂದೆ. ಗಾಡಿ ಹತ್ತಿ ಅಂಗಿಯ ಮೇಲಿನ ಮಣ್ಣು ಕೊಡವಿಕೊಂಡರು. ಆಮೇಲೆ, "ಪಿಚ್ಚರ್ ತಗ್ದೋರೇ ಸರ್ಯಾಗ್ ತಗ್ದವ್ರೆ ಕಣವ್ವ. ನಾನೇ ಇಷ್ಟ್ ದಿನ ಸುಳ್ಳೇಳ್ಕಂಡ್ ಬಂದೆ" ಅಂದರು. ಅಲ್ಲ ದೊಡ್ಡಯ್ಯ, ಪುಸ್ತಕದಲ್ಲಿ ಇರುವುದನ್ನೇ ತಾನೇ ನೀವು ಹೇಳಿದ್ದು ಎಂದೆ. ಆಮೇಲೆ ಅವರು ಯಾರಿಗೂ ಕಥೆ ಹೇಳಲಿಲ್ಲ. ಮುಂದಿನ ಸುಗ್ಗಿ ನೋಡಲಿಲ್ಲ...

ಈಗ ದೊಡ್ಡ ದೊಡ್ಡ ಕಾದಂಬರಿಗಳನ್ನೆಲ್ಲ ಸಿನಿಮಾ ಮಾಡುತ್ತಾರೆ. ಪುಸ್ತಕ ಕೆಡಿಸಿಬಿಟ್ಟರು ಎಂದು ನನ್ನ ಮೊಮ್ಮಗಳು ಊಟದ ತಟ್ಟೆಯ ಮುಂದೆ ಕೂತು ಸಿಡುಕುತ್ತಾಳೆ. ಮೊನ್ನೆ ಅವಳಿಗೆ ದೊಡ್ಡಯ್ಯನ ಆ ಕಾದಂಬರಿಯ ಕಥೆ ಹೇಳತೊಡಗಿದೆ. ಸೊಸೆ ಹೊಳೆಯ ದಡಕ್ಕೆ ಬಂದಳು ಎನ್ನುವವರೆಗೆ ಹೇಳಿದೆ. ಅಲ್ಲಿಗೇ ನಿಲ್ಲಿಸಿದೆ.

"ದಾಟಿದ್ಲಾ ಅಜ್ಜಿ?" ಎಂದು ಮೊಮ್ಮಗಳು ನನ್ನ ಸೆರಗು ಎಳೆದಳು.

"ಕೋಲೆತ್ತಿ ದಾಟಿಸೋರು ಓಗ್ಬುಟ್ರು ಕಣ ಮಗ" ಅಂದೆ.