ಅಜ್ಜಿ ನೀರು ಬಿಟ್ಟ ಮೂರು ದಿನ

ಆಗ ಎರಡನೇ ಮಹಾಯುದ್ಧದ ಕಾಲ. ಬೈರಕೂರಿನ ಪಕ್ಕದ ನಮ್ಮ ಹಳ್ಳಿಗೆ ಯುದ್ಧ ಮುಟ್ಟಿದ್ದು ಎರಡೇ ರೀತಿಯಲ್ಲಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕಂತೆ ಎಂದು ಅಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ನನಗಾಗ ಒಂಬತ್ತು ವರ್ಷ.

ಆ ದಿನಗಳಲ್ಲಿ ನಮ್ಮ ಕಡೆ ರಾಗಿ ಹೊಲದ ಪಕ್ಕ ಒಂದು ತುಂಡು ಹಿಪ್ಪುನೇರಳೆ ಇಲ್ಲದವರು ಕಡಿಮೆ. ನಾವೂ ರೇಷ್ಮೆಹುಳ ಸಾಕುತ್ತಿದ್ದೆವು. ಶಾಲೆಯಿಂದ ಬಂದು, ಹುರಿಗಡಲೆ ಬೆಲ್ಲ ಬಾಯಿಗೆ ಹಾಕಿಕೊಂಡು, ಕುಂಟೆಬಿಲ್ಲೆಗೆ ಓಡುವ ಮೊದಲು ಹುಳದ ತಟ್ಟೆಗಳಿಗೆ ಸೊಪ್ಪು ಹಾಕುವುದು ನನ್ನ ಕೆಲಸ. ಹಸಿ ಸೊಪ್ಪಿನ ವಾಸನೆ ನನ್ನ ಲಂಗಕ್ಕೆ ಅಂಟಿಕೊಂಡೇ ಇರುತ್ತಿತ್ತು. ಹುಳ ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ವ್ಯಾಪಾರಿ ಬಂದು ಒಯ್ಯುತ್ತಿದ್ದ. ಆಮೇಲೇನಾಗುತ್ತದೆ ಎಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆ ವರ್ಷ ಅಪ್ಪ ನೂಲು ತೆಗೆಯುವ ಕಸುಬನ್ನು ಮನೆಯಲ್ಲೇ ಶುರುಮಾಡಿದ. ಒಂದು ಜೊತೆ ಎತ್ತು ಮಾರಿ ಚರಕ ತಂದ. ಹಿತ್ತಿಲಲ್ಲಿ ಒಲೆ ಹೂಡಿ ದೊಡ್ಡ ಬಾಣಲೆ ಇಟ್ಟ. ಗೂಡನ್ನು ಕುದಿಯುವ ನೀರಿಗೆ ಹಾಕಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಹುಳ ಜೀವಂತ ಬೇಯುತ್ತದೆ.

ಅಪ್ಪನ ತಾಯಿ, ನಮ್ಮಜ್ಜಿ, ತಿರುಪತಿಯಲ್ಲಿ ತುಳಸಿಮಣಿ ಹಾಕಿಸಿಕೊಂಡು ಬಂದಮೇಲೆ ಮಾಂಸ ಬಿಟ್ಟವಳು. ಒಲೆಗೆ ಸೌದೆ ಇಡುವ ಮುಂಚೆ ಇರುವೆ ಇದೆಯೇನೋ ಎಂದು ತಟ್ಟಿ ನೋಡುವವಳು. ಬೆಂದ ಹುಳದ ನಾತ ಅಡುಗೆಮನೆಗೆ ಬಂದ ಕೂಡಲೇ ಹಿತ್ತಿಲಿಗೆ ಬಂದು ನಿಂತಳು.

"ನಿಲ್ಸು ನಾಯನಾ," ಅಂದಳು.

"ಇಷ್ಟು ವರ್ಷ ಗೂಡು ಮಾರಿದ್ವಲ್ಲ, ಕೊಂಡೋರು ಅದಕ್ಕೇನು ಪೂಜೆ ಮಾಡ್ತಿದ್ರಾ?" ಅಪ್ಪ ತಲೆ ಎತ್ತದೆ ಕೇಳಿದ.

"ಗೊತ್ತಿತ್ತು ಕಣೋ. ಕಿವಿ ಮುಚ್ಕೊಂಡಿದ್ದೆ, ಅದು ನನ್ನ ತಪ್ಪು. ಈಗ ನನ್ನ ಮನೇಲೇ ಬೇಯ್ತಾ ಇದೆ. ಆ ಬಾಣಲೆ ಇಳಿಯೋವರೆಗೂ ನಾನು ನೀರು ಮುಟ್ಟಲ್ಲ."

ಜಗಳವಾಡಲಿಲ್ಲ, ಅಳಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗಿ ಆಂಜನೇಯನ ಗುಡಿಯ ಜಗುಲಿಯ ಮೇಲೆ ಕೂತಳು. ಸಂಜೆಗೆ ಬರುತ್ತಾಳೆ ಎಂದ ಅಪ್ಪ. ಬರಲಿಲ್ಲ.

ಚರಕ ತಿರುಗಿಸುವ ಕೆಲಸ ನನಗೆ ಬಿತ್ತು. ಒಲ್ಲೆ ಎನ್ನಲು ಅಪ್ಪನ ಭಯ, ತಿರುಗಿಸಲು ಅಜ್ಜಿಯ ಭಯ. ನಾನೇ ಸೊಪ್ಪು ಹಾಕಿ ಬೆಳೆಸಿದ ಹುಳಗಳು ಕಂದು ಬಣ್ಣಕ್ಕೆ ತಿರುಗಿ ನೀರಿನಲ್ಲಿ ತೇಲುತ್ತಿದ್ದವು. ಜೀವ ಕೊಂದವರು ಮುಂದಿನ ಜನ್ಮದಲ್ಲಿ ಅದೇ ಜೀವವಾಗಿ ಹುಟ್ಟುತ್ತಾರೆ ಎಂದು ಅಜ್ಜಿ ಎಂದೋ ಹೇಳಿದ್ದು ನೆನಪಾಗಿ, ಒಲೆಯ ಪಕ್ಕ ಕೂತರೂ ನನ್ನ ಕೈ ತಣ್ಣಗಾಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಅಮ್ಮ ಕೊಟ್ಟ ಮಜ್ಜಿಗೆಯ ಚೊಂಬು ಹಿಡಿದು ಗುಡಿಗೆ ಹೋದೆ. ಅಜ್ಜಿ ಕಂಬಕ್ಕೆ ಒರಗಿದ್ದಳು. ತುಟಿ ಒಡೆದು ರಕ್ತ ಒಣಗಿತ್ತು. ನನ್ನನ್ನು ನೋಡಿ ನಕ್ಕಳು.

"ಬಾ ಕಮಲಿ," ಅಂದಳು.

ಕಮಲಿ ಅಪ್ಪನ ತಂಗಿ. ನಾನು ಹುಟ್ಟುವ ಮುಂಚೆಯೇ ಪ್ಲೇಗಿನಲ್ಲಿ ಸತ್ತವಳು. ಚೊಂಬು ಕೈಯಿಂದ ಜಾರಿತು. ಸತ್ತವರು ಅಜ್ಜಿಯನ್ನು ಕರೆಯಲು ಬಂದಿದ್ದಾರೆ, ನಿಂತರೆ ನನ್ನನ್ನೂ ಬಿಡುವುದಿಲ್ಲ ಎಂದುಕೊಂಡು ಹಿಂತಿರುಗಿ ನೋಡದೆ ಓಡಿದೆ. ಮನೆ ಸೇರಿ ನೇರ ಹಿತ್ತಿಲಿಗೆ ನುಗ್ಗಿದೆ. ಅಪ್ಪನಿಗೆ ಇಷ್ಟೇ ಹೇಳಿದೆ:

"ಅಜ್ಜಿ ನನ್ನನ್ನ ಕಮಲಿ ಅಂದ್ಲು."

ಅಪ್ಪನ ಮುಖ ಬಿಳಿಚಿಕೊಂಡಿತು. ಅಪ್ಪನೂ ಹೆದರಬಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅವನು ಕುದಿಯುವ ಬಾಣಲೆಯ ಎರಡೂ ಕಿವಿಗಳನ್ನು ಬರಿಗೈಯಲ್ಲಿ ಹಿಡಿದು ಎತ್ತಿ, ನೀರನ್ನು ಮಣ್ಣಿಗೆ ಬಗ್ಗಿಸಿದ. ಸುಟ್ಟ ಕೈಯಲ್ಲೇ ನೀರಿನ ತಂಬಿಗೆ ಹಿಡಿದು ಗುಡಿಗೆ ಓಡಿದ.

"ಇಳಿಸ್ದೆ ಕಣಮ್ಮ. ಕುಡಿ," ಅಂದ. ಬೆರಳಿನಿಂದ ಹನಿ ಹನಿಯಾಗಿ ಅವಳ ಬಾಯಿಗೆ ನೀರು ಹಾಕಿದ. ಸಂಜೆಯ ಹೊತ್ತಿಗೆ ಅಜ್ಜಿಗೆ ನನ್ನ ಹೆಸರು ನೆನಪಾಯಿತು.

ಎತ್ತು ಹೋಗಿತ್ತು, ಚರಕ ಮೂಲೆ ಸೇರಿತ್ತು. ಮುಂದೆ ಹೊಟ್ಟೆಪಾಡೇನು ಎಂಬ ಹೆದರಿಕೆ ಈಗ ಅಮ್ಮನಿಗೆ. ಚೇತರಿಸಿಕೊಂಡ ಅಜ್ಜಿಯೇ, ಉಳಿದ ಗೂಡುಗಳನ್ನು ಬಿತ್ತನೆಗೆ, ಅಂದರೆ ಮೊಟ್ಟೆಗೆ, ಬಿಡಿ ಎಂದಳು. ಎರಡು ದಿನಕ್ಕೆ ಬಿಳಿ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಬಂದು, ಹಾಸಿದ ಬಟ್ಟೆಯ ತುಂಬ ಗಸಗಸೆಯಂಥ ಮೊಟ್ಟೆ ಇಟ್ಟವು. ಅವನ್ನು ಹೊತ್ತು ಅಪ್ಪ ನಂಗಲಿಯಿಂದ ವಕ್ಕಲೇರಿವರೆಗೆ ಹುಳ ಸಾಕುವವರ ಮನೆಮನೆಗೆ ತಿರುಗಿದ. ಚರಕದಷ್ಟು ಸಂಪಾದನೆ ಅದರಲ್ಲಿರಲಿಲ್ಲ. ಆದರೂ ನಮ್ಮನ್ನು ಸಾಕಿದ್ದು ಆ ಮೊಟ್ಟೆಯ ವ್ಯಾಪಾರವೇ.

ಕೊಂಡವರು ಸಾಕಿದ ಹುಳ ಕೊನೆಗೆ ಯಾರದೋ ಬಾಣಲೆಗೇ ಹೋಗುತ್ತಿತ್ತಲ್ಲ ಎಂದು ದೊಡ್ಡವಳಾದ ಮೇಲೆ ಅಪ್ಪನನ್ನು ಕೇಳಿದೆ.

"ಪಾಪ ಕಳೀಲಿಲ್ಲ ಕಣಮ್ಮ, ಹಿತ್ತಿಲಿಂದ ಆಚೆ ಹೋಯ್ತು. ಅಷ್ಟಕ್ಕೆ ನಿಮ್ಮಜ್ಜಿ ನೀರು ಕುಡಿದ್ಲು. ನನಗಷ್ಟೇ ಬೇಕಾಗಿತ್ತು," ಅಂದ.

ಈಗ ನಮ್ಮ ಹಿಪ್ಪುನೇರಳೆ ಹೊಲದಲ್ಲಿ ಟೊಮೆಟೊ ಬೆಳೆಯುತ್ತಾರೆ. ಹುಳ ಸಾಕುತ್ತಿದ್ದ ಮನೆ ಬಿದ್ದುಹೋಗಿದೆ, ಅದಕ್ಕೆ ನನಗೆ ಅಂಥ ಬೇಸರವೇನಿಲ್ಲ. ಮದುವೆಯಾಗಿ ಮಾಲೂರಿಗೆ ಬಂದೆ. ಅನುಕೂಲಸ್ಥರ ಮನೆಗಳನ್ನು ಕಂಡೆ, ದಿನಾ ಪೂಜೆ ನಡೆಯುವ ಮನೆಗಳನ್ನೂ ಕಂಡೆ. ಒಬ್ಬರು ನೀರು ಬಿಟ್ಟರೆಂದು ಇನ್ನೊಬ್ಬರು ಅಷ್ಟು ಹೆದರುವ ಮನೆಯನ್ನು ಮಾತ್ರ ಮತ್ತೆ ಕಾಣಲಿಲ್ಲ.